ಪದಚರ್ಚೆ: ವೈರವಿಲ್ಲದ ವೈರಸ್ಸನ್ನು ವೈರಾಣು ಎನ್ನಬಹುದೇ?

ಗೆಳೆಯರೇ,

ನಾಲ್ಕು ಪುಟದ ಒಂದು ಪುಸ್ತಿಕೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಕ್ಕನ ಮಗಳು ಅಡಿಕೆ ತೋಟದ ಮಣ್ಣಿನಲ್ಲಿ ಯಾವ ಯಾವ ಸೂಕ್ಷ್ಮಜೀವಿಗಳಿವೆ ಎಂದು ಅವುಗಳ ಡಿಎನ್‌ಎ ಓದಿ ಹುಡುಕುತ್ತಾಳೆ. ನಮ್ಮ ತೋಟಕ್ಕೂ ಬಂದಿದ್ದಳು. ಮರದ ಬುಡ ಕೆದಕಿ, ಚಮಚದಲ್ಲಿ ಮಣ್ಣು ತೆಗೆದು, ಪುಟ್ಟ ಟ್ಯೂಬುಗಳಿಗೆ ತುಂಬಿ ಐಸ್ ಡಬ್ಬಿಯಲ್ಲಿ ಒಯ್ದಳು. ಮಣ್ಣು ಕೊಟ್ಟವರಿಗೆ ಇದೆಲ್ಲ ಯಾಕೆ ಅಂತ ಹೇಳಬೇಕಲ್ವಾ, ಅದಕ್ಕೆ ಈ ಪುಸ್ತಿಕೆ.

ಮೊದಲ ಸಾಲಿನಲ್ಲೇ ಎಡವಿದೆ. “ನಿಮ್ಮ ತೋಟದ ಒಂದು ಚಮಚ ಮಣ್ಣಿನಲ್ಲಿ ಕೋಟಿಗಟ್ಟಲೆ ವೈರಾಣುಗಳಿವೆ” ಎಂದು ಬರೆದಿದ್ದೆ. ಅಪ್ಪ ಓದಿದರು. ಕನ್ನಡಕ ತೆಗೆದು, “ಇದಕ್ಕೆ ಎಷ್ಟು ಮೈಲುತುತ್ತ ಬೇಕಾಗುತ್ತೆ ಮಾರಾಯ?” ಅಂತ ಕೇಳಿದರು.

ತಪ್ಪು ಅವರದಲ್ಲ, ಪದದ್ದು. ಮಣ್ಣಿನ ವೈರಸ್ಸುಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾಗಳ ಮೇಲೆ ಬೀಳುವಂಥವು. ಅವಕ್ಕೆ ನಮ್ಮ ಗೊಡವೆಯೂ ಇಲ್ಲ, ಅಡಿಕೆ ಮರದ ಗೊಡವೆಯೂ ಇಲ್ಲ. (ಅಪ್ಪ ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಸುವುದು ಅಡಿಕೆಯ ಕೊಳೆರೋಗಕ್ಕೆ. ಅದನ್ನು ತರುವ ಫೈಟಾಫ್ತೊರಾ ವೈರಸ್ಸೇ ಅಲ್ಲ. ಅದು ಬೇರೆ ಮಾತು.)

ಈಗ ನನ್ನ ಮೊದಲ ಪ್ರಶ್ನೆ. ವೈರಾಣು ಅನ್ನುವುದು ‘ವೈರಸ್’ನ ಬಾಲ ಕತ್ತರಿಸಿ ‘ಅಣು’ ಅಂಟಿಸಿದ್ದೋ, ಇಲ್ಲ ಹಗೆತನದ ‘ವೈರ’ಕ್ಕೆ ‘ಅಣು’ ಸೇರಿಸಿದ್ದೋ? ಹಿಂದಿ, ಮರಾಠಿಯವರು ‘ವಿಷಾಣು’ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ವೈರಸ್ ಅಂದರೆ ವಿಷವೇ, ಮತ್ತು ಆ ಪದವೂ ನಮ್ಮ ‘ವಿಷ’ವೂ ಒಂದೇ ಬೇರಿನವು. 1898ರಲ್ಲಿ ಹಾಲೆಂಡಿನ ವಿಜ್ಞಾನಿ ಬೈಯರಿಂಕ್ ತಂಬಾಕಿನ ಎಲೆ ರೋಗದ ಕಾರಣ ಹುಡುಕುವಾಗ ಈ ಹಳೆಯ ಪದವನ್ನೇ ಬಳಸಿದರು. ಹಾಗಾಗಿ ಇಂಗ್ಲಿಷಿನವರ ಪದವೂ ರೋಗದ ಮನೆಯಿಂದಲೇ ಬಂದದ್ದು. ಆದರೆ ಅವರ ಕಣ್ಣಿಗೆ ಅದರೊಳಗಿನ ವಿಷ ಬೀಳುವುದಿಲ್ಲ. ನಮಗೆ ವೈರ ಎದ್ದು ಕಾಣುತ್ತದೆ. ಶೀತ, ಡೆಂಗಿ, ಕೊರೊನಾದ ಮಾತಾದರೆ ವೈರಾಣು ಸರಿಯೇ. ಮಣ್ಣು, ಕೆರೆ, ಸಮುದ್ರದ ಮಾತು ಬಂದಾಗ ಸುಮ್ನೆ ವೈರಸ್ ಅನ್ನುವುದೇ ವಾಸಿ ಅಂತ ನನಗೆ ಅನ್ನಿಸಿದೆ.

ಬ್ಯಾಕ್ಟೀರಿಯಾಗಳ ಮೇಲೆ ಬೀಳುವ ವೈರಸ್ಸಿಗೆ ಬ್ಯಾಕ್ಟೀರಿಯೊಫೇಜ್ ಎಂದು 1917ರಲ್ಲಿ ಹೆಸರಿಟ್ಟವರು ವಿಜ್ಞಾನಿ ದೆರೆಲ್. ಗ್ರೀಕಿನಿಂದ ಬಂದ ‘ಫೇಜ್’ ಅಂದರೆ ತಿನ್ನುವಂಥದ್ದು. ನಮ್ಮಲ್ಲಿ ತಿನ್ನುವವರಿಗೆ ‘ಬಾಕ’ ಇದೆ: ಹೊಟ್ಟೆಬಾಕ, ತಿಂಡಿಬಾಕ. ‘ಬ್ಯಾಕ್ಟೀರಿಯಾಬಾಕ’ ಎಂದು ಬರೆದು ಒಂದು ದಿನವೆಲ್ಲ ಬೀಗಿದೆ. ಸೊಸೆ (ಅಕ್ಕನ ಮಗಳನ್ನು ನಾನು ಕರೆಯುವುದು ಹಾಗೆ) ಒಪ್ಪಲಿಲ್ಲ. “ಮಾವ, ಅದು ತಿನ್ನಲ್ಲ. ಒಳಗೆ ನುಗ್ಗಿ, ಮರಿ ಹಾಕಿ, ಮನೆ ಒಡೆದುಕೊಂಡು ಹೊರಗೆ ಬರುತ್ತೆ” ಅಂದಳು. ಆ ಲೆಕ್ಕದಲ್ಲಿ ದೆರೆಲ್ ಇಟ್ಟ ಹೆಸರೂ ತಪ್ಪೇ ಆಯಿತಲ್ಲ! ಮೂಲದ ತಪ್ಪನ್ನು ಕನ್ನಡದಲ್ಲಿ ತಿದ್ದಬೇಕೇ, ಹಾಗೇ ಹೊತ್ತುಕೊಂಡು ಬರಬೇಕೇ?

ಇನ್ನು ಪುಸ್ತಿಕೆಯ ಮುಖ್ಯ ಪದ, ಮೆಟಾಜೀನೋಮ್. ‘ಜೀನೋಮ್’ (ಒಂದು ಜೀವಿಯ ಒಟ್ಟು ಡಿಎನ್‌ಎ) ಎಂಬ ಪದ 1920ರದ್ದು. ‘ಮೆಟಾಜೀನೋಮ್’ ಎಂಬ ಪದವನ್ನು 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ವಿಜ್ಞಾನಿ ಜೋ ಹ್ಯಾಂಡಲ್ಸ್‌ಮನ್ ಮತ್ತು ಸಂಗಡಿಗರು ತಂದರು, ಅದೂ ಮಣ್ಣಿನ ಕೆಲಸದಲ್ಲೇ. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ ಒಂದು ಲ್ಯಾಬಿನ ತಟ್ಟೆಯಲ್ಲಿ ಬೆಳೆದರೆ ಜಾಸ್ತಿ. ಹಾಗಾಗಿ ಒಂದೊಂದನ್ನೇ ಬೆಳೆಸುವ ಗೋಜು ಬಿಟ್ಟು, ಮಣ್ಣಿನಲ್ಲಿರುವ ಎಲ್ಲರ ಡಿಎನ್‌ಎಯನ್ನೂ ಒಟ್ಟಿಗೆ ತೆಗೆದು ಓದುತ್ತಾರೆ. ಆ ಎಲ್ಲರ ಒಟ್ಟು ಡಿಎನ್‌ಎಯೇ ಮೆಟಾಜೀನೋಮ್. ಮದುವೆ ಛತ್ರದ ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿಯೇ ಒಳಗೆ ಮಕ್ಕಳೆಷ್ಟು, ತೋಟದಿಂದ ನೇರ ಬಂದವರೆಷ್ಟು ಅಂತ ಹೇಳಬಹುದಲ್ವಾ, ಹಾಗೆ. ಇಲ್ಲಿ ಚಪ್ಪಲಿಗಳೂ ಚೂರು ಚೂರಾಗಿರುತ್ತವೆ. ಯಾವ ಅಟ್ಟೆಗೆ ಯಾವ ಉಂಗುಷ್ಟ ಅಂತ ಕಂಪ್ಯೂಟರು ಹೊಂದಿಸಬೇಕು.

ಸ್ನೇಹಿತರೊಬ್ಬರು ‘ಮಣ್ಣಿನ ಜಾತಕ’ ಅನ್ನಿ ಎಂದರು. ಕೇಳೋಕೆ ಚೆನ್ನಾಗಿದೆ, ಆದರೆ ಜಾತಕ ಅಂದ ಕೂಡಲೇ ಜನ ಮುಂದೇನಾಗುತ್ತದೆ ಅಂತ ಕೇಳುತ್ತಾರೆ. ‘ಕಲಬೆರಕೆ ಜೀನೋಮ್’ ಅಂದರೆ ಹಾಲಿಗೆ ನೀರು ಹಾಕಿದ ಹಾಗಾಯಿತು. ಕೂಡುಕುಟುಂಬ ಇದೆಯಲ್ಲ, ಅದರ ದಾರಿಯಲ್ಲಿ ‘ಕೂಡುಜೀನೋಮ್’ ಎಂದು ಬರೆದಿಟ್ಟಿದ್ದೇನೆ. ಒಂದೇ ಮನೆಯಲ್ಲಿದ್ದರೂ ಪರಸ್ಪರ ಆಗದವರೂ ಅದರಲ್ಲಿರುತ್ತಾರೆ ಅನ್ನುವುದೂ ಹೊಂದುತ್ತದೆ.

ಉಳಿದದ್ದು ‘ಕಲ್ಚರ್’, ಅಂದರೆ ಸೂಕ್ಷ್ಮಜೀವಿಗಳನ್ನು ಲ್ಯಾಬಿನಲ್ಲಿ ಬೆಳೆಸುವುದು. ಬಾಳೆ ಗಿಡದ ದೆಸೆಯಿಂದ ‘ಅಂಗಾಂಶ ಕೃಷಿ’ (ಟಿಶ್ಯೂ ಕಲ್ಚರ್) ಎಲ್ಲರಿಗೂ ಗೊತ್ತು. ಆದರೆ ‘ಕೃಷಿ ಮಾಡಲಾಗದ ಬ್ಯಾಕ್ಟೀರಿಯಾ’ ಅಂತ ರೈತರ ಮುಂದೆ ಹೇಗೆ ಬರೆಯಲಿ? ಅಮ್ಮ ದಿನಾ ರಾತ್ರಿ ಹಾಲಿಗೆ ಹಾಕುವ ಹೆಪ್ಪು ಕೂಡ ಕಲ್ಚರೇ, ಆದರೆ ರಕ್ತವೂ ಹೆಪ್ಪುಗಟ್ಟುತ್ತದೆ. ಸದ್ಯಕ್ಕೆ ‘ಲ್ಯಾಬಿನಲ್ಲಿ ಸಾಕಲು ಬಾರದ’ ಎಂದಿದ್ದೇನೆ.

‘ವೈರಾಣು’ವಿನ ಹಳೆಯ ಬಳಕೆ ಯಾರಿಗಾದರೂ ಸಿಕ್ಕಿದ್ದರೆ ವರ್ಷದ ಸಮೇತ ತಿಳಿಸಿ. ‘ಕೂಡುಜೀನೋಮ್’ ಕಿವಿಗೆ ಒಡ್ಡಾಗಿ ಕೇಳಿದರೆ ಮುಲಾಜಿಲ್ಲದೆ ಹೇಳಿ. ಪುಸ್ತಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ.