ಈಸ್ಟರ್ ಬೆಳಗ್ಗೆ ದೋಸ್ತನ ಜೊತೆ ಹೋಗಬೇಕಾ, ಸುಮ್ನೆ ಬಿಡಬೇಕಾ?

ಉದ್ಯಮಬಾಗ್_ಫಿಟ್ಟರ್ (ಬೆಳಗಾವಿ), ಮಾರ್ಚ್ 30, 2026

ಕ್ರಿಶ್ಚಿಯನ್ ಮನೆಯವರು ಯಾರಾದರೂ ಇದ್ದರೆ ಹೇಳಿ. ನಾನು ಲಿಂಗಾಯತ. ಚರ್ಚಿನ ರೀತಿ ರಿವಾಜು ನನಗೆ ಗೊತ್ತಿಲ್ಲ.

ನಾನು, ನನ್ನ ದೋಸ್ತ ಹದಿನಾರು ವರ್ಷದಿಂದ ಒಂದೇ ವರ್ಕ್‌ಶಾಪಿನಲ್ಲಿದ್ದೇವೆ. ಅವನು ಲೇತ್ ಮೇಲೆ, ನಾನು ಫಿಟ್ಟಿಂಗ್. ಹೋಗುವುದು ಬರುವುದು ಒಂದೇ ಗಾಡಿಯಲ್ಲಿ. ಜನವರಿಯಲ್ಲಿ ಅವನ ತಾಯಿ ತೀರಿಕೊಂಡರು. ಇಪ್ಪತ್ತೆರಡು ದಿನ ಆಸ್ಪತ್ರೆ. ಅಷ್ಟೂ ದಿನ ಇವನು ಐಸಿಯು ಹೊರಗೆ ಬೆಂಚಿನ ಮೇಲೆ ಬೈಬಲ್ ಹಿಡಿದುಕೊಂಡೇ ಕೂತಿದ್ದ. ಆಮೇಲೆ ಚರ್ಚಿಗೆ ಕಾಲಿಟ್ಟಿಲ್ಲ. ಈಗ ಏಪ್ರಿಲ್ 5ಕ್ಕೆ ಈಸ್ಟರ್. ಮೊನ್ನೆ ಚಹಾ ಕುಡಿಯುವಾಗ ಹಬ್ಬದ ಮಾತು ತೆಗೆದೆ. "ಆ ಕಲ್ಲು ಅವರಿಗೆ ಸರೀತು, ನಮಗ ಸರೀಲಿಲ್ಲ. ನಾ ಹೋಗಂಗಿಲ್ಲ" ಅಂದ. ಯಾವ ಕಲ್ಲು ಅಂತ ಆಗ ತಿಳಿಯಲಿಲ್ಲ. ಯೇಸುವಿನ ಸಮಾಧಿಯ ಬಾಯಿಗೆ ಇಟ್ಟಿದ್ದ ಕಲ್ಲು, ಅವನು ಸಾವಿನಿಂದ ಎದ್ದ ಈಸ್ಟರ್ ದಿನ ಸರಿದಿತ್ತು ಅಂತ ಮನೆಗೆ ಬಂದು ಮೊಬೈಲಿನಲ್ಲಿ ನೋಡಿದೆ.

ಸುಮ್ನೆ ಬಿಡಬಹುದಿತ್ತು. ಆದರೆ 2022ರಲ್ಲಿ ಮಗಳ ಆಪರೇಷನ್ ಚೆನ್ನಾಗಿ ಆಯಿತು ಅಂತ ನಾನು ಯುಗಾದಿಗೆ ಶ್ರೀಶೈಲಕ್ಕೆ ಕಂಬಿ (ಅಲ್ಲಿನ ದೇವರು ಮಲ್ಲಯ್ಯನ ಹೆಸರಿನಲ್ಲಿ ಹೆಗಲ ಮೇಲೆ ಹೊರುವ ಕಾವಡಿ) ಜೊತೆ ನಡೆದು ಹೊರಟಾಗ, ಇವನು ಐದು ದಿನ ರಜೆ ಹಾಕಿ, ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಬಾಗಲಕೋಟೆ ತನಕ ನನ್ನ ಜೊತೆ ನಡೆದುಬಿಟ್ಟ. ಬೊಬ್ಬೆ ಎದ್ದಿದ್ದು ನನಗಿಂತ ಅವನ ಕಾಲಿಗೇ ಜಾಸ್ತಿ. ನಿನಗ್ಯಾಕೋ ಈ ಉಸಾಬರಿ ಅಂದರೆ, "ನಾ ಮಲ್ಲಯ್ಯಗ ಬಂದಿಲ್ಲ, ನಿನಗ ಬಂದೀನಿ" ಅಂದಿದ್ದ.

ಈಗ ನಾನೇನು ಮಾಡಲಿ? ಎಬ್ಬಿಸಿ ಚರ್ಚಿಗೆ ಕರೆದುಕೊಂಡು ಹೋಗಲಾ? ನಮ್ಮಂಥವರು ಒಳಗೆ ಹೋಗಬಹುದಾ?

ಖಣದ_ಮನೆ (ಗುಳೇದಗುಡ್ಡ)

ಅಣ್ಣಾ, ಒಳಗೆ ಹೋಗಲು ಯಾರ ಅಡ್ಡಿಯೂ ಇಲ್ಲ. ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ, ಎಲ್ಲರೂ ಎದ್ದಾಗ ಏಳಿ. ರೊಟ್ಟಿ, ದ್ರಾಕ್ಷಾರಸ ಕೊಡುವಾಗ ಮಾತ್ರ ಮುಂದೆ ಹೋಗಬೇಡಿ. ಅದು ದೀಕ್ಷಾಸ್ನಾನ ಆದವರಿಗೆ. ಕೂತೇ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಆದರೆ ಚರ್ಚಿಗಿಂತ ಮೊದಲು ಇನ್ನೊಂದು ಇದೆ. ನಮ್ಮ ಕಡೆ ಈಸ್ಟರ್ ದಿನ ಬೆಳಕು ಹರಿಯುವ ಮುಂಚೆ ಸಮಾಧಿಗೆ ಹೋಗುತ್ತೇವೆ. ಹೆಂಗಸರು ಮುಂಜಾನೆ ಕತ್ತಲಲ್ಲಿ ಸಮಾಧಿಗೆ ಹೋದರು ಅಂತ ಇದೆಯಲ್ಲ, ಅದಕ್ಕೆ. ಹಿಂದಿನ ದಿನವೇ ಹೋಗಿ ಕಸ ಕಿತ್ತು, ನೀರು ಹಾಕಿ, ಬೆಳಗ್ಗೆ ಹೂವು, ಮೇಣಬತ್ತಿ. ನಮ್ಮ ಊರಿಗೆ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ) ಬಂದದ್ದು 1851ರಲ್ಲಿ. ಹಾಗಾಗಿ ನಮಗೆ ಮುತ್ತಜ್ಜಂದಿರ ತನಕ ಸಾಲು ಸಾಲು ಸಮಾಧಿ, ಒಂದು ಪ್ಯಾಕೆಟ್ ಮೇಣಬತ್ತಿ ಸಾಲುವುದಿಲ್ಲ! ನಿಮ್ಮ ಗೆಳೆಯರ ಚರ್ಚಿನಲ್ಲೂ ಈ ಪದ್ಧತಿ ಇದ್ದರೆ, ತಾಯಿ ಹೋದ ಮೊದಲ ಈಸ್ಟರ್, ಅವರು ಚರ್ಚಿಗೆ ಹೋಗದಿದ್ದರೂ ಅಲ್ಲಿಗೆ ಹೋಗಬಹುದು. ಆ ಹೊತ್ತಿಗೆ ಗಾಳಿ ಇರುತ್ತದೆ, ಮೇಣಬತ್ತಿ ನಿಲ್ಲುವುದಿಲ್ಲ. ಏನಾದರೂ ಮರೆ ಒಯ್ಯಿರಿ.

ತಿಳಕವಾಡಿ_ಅಂಕಲ್ (ಬೆಳಗಾವಿ)

ನೇರ ಹೇಳುತ್ತೇನೆ, ಬೇಜಾರಾಗಬೇಡಿ. ಅವನಿಗೆ ಮನಸ್ಸಿಲ್ಲ ಅಂದಮೇಲೆ ಇಲ್ಲ. ನನ್ನ ಹೆಂಡತಿ ಹೋದಾಗ ಮನೆ ತುಂಬ ಜನ ಬಂದು ದೇವರು ಒಳ್ಳೆಯವರನ್ನೇ ಬೇಗ ಕರೆದುಕೊಳ್ಳುತ್ತಾನೆ, ಮಠಕ್ಕೆ ಬನ್ನಿ, ಧ್ಯಾನ ಮಾಡಿ ಅಂತ ಒಂದೇ ಸಮ ಹೇಳಿದರು. ಒಬ್ಬ ಮಾತ್ರ ದಿನಾ ಸಂಜೆ ಬಂದು, ಪೇಪರ್ ಓದಿ, ಏನೂ ಮಾತಾಡದೆ ಹೋಗುತ್ತಿದ್ದ. ನನಗೆ ನೆನಪಿರುವುದು ಅವನೊಬ್ಬನೇ. ನೀವು ನಂಬಿಕೆ ರಿಪೇರಿ ಮಾಡಲು ಹೋಗಬೇಡಿ. ಅದು ಫಿಟ್ಟರ್ ಕೆಲಸ ಅಲ್ಲ.

ಗೋಳಗುಮ್ಮಟದ_ನೆರಳು (ವಿಜಯಪುರ)

ಅಂಕಲ್ ಮಾತು ಖರೆ. ಈ ಸಲ ಕ್ರಿಶ್ಚಿಯನ್ನರ ಬೂದಿ ಬುಧವಾರ (ಈಸ್ಟರ್ ಮುಂಚಿನ ನಲವತ್ತು ದಿನದ ವ್ರತ ಶುರುವಾಗುವ ದಿನ), ನಮ್ಮ ರಂಜಾನ್ ಒಂದೇ ವಾರದಲ್ಲಿ ಶುರುವಾದವು. ನಮ್ಮ ಆಫೀಸಿನಲ್ಲಿ ಒಬ್ಬರು ನಲವತ್ತು ದಿನ ಮಾಂಸ ಬಿಟ್ಟವರು, ನಾನು ರೋಜಾ. ಮಧ್ಯಾಹ್ನ ಊಟದ ಹೊತ್ತಿಗೆ ನಾನೊಬ್ಬನೇ ಕೂತಿರುತ್ತೇನೆ ಅಂತ ಅವರು ಡಬ್ಬಿ ಬೇಗ ಮುಗಿಸಿ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಧರ್ಮದ ಮಾತೇ ಇಲ್ಲ, ಬರೀ ಕ್ರಿಕೆಟ್. ಅಷ್ಟು ಸಾಕು ಅನ್ನಿಸುತ್ತದೆ.

ಖಣದ_ಮನೆ (ಗುಳೇದಗುಡ್ಡ)

ಅಂಕಲ್ ಹೇಳಿದ್ದು ಓದಿ ಇನ್ನೊಂದು ನೆನಪಾಯಿತು. ನಾನು ಸಂಡೇ ಸ್ಕೂಲಿನಲ್ಲಿ ಪಾಠ ಹೇಳುವವಳು, ತಡೆಯಲು ಆಗಲಿಲ್ಲ.

ಬೈಬಲಿನಲ್ಲಿ ಲೂಕನ 24ನೇ ಅಧ್ಯಾಯ, 13ನೇ ವಚನದಿಂದ ಓದಿ. ಅದೇ ಈಸ್ಟರ್ ದಿನ ಇಬ್ಬರು ಯೆರೂಸಲೇಮ್ ಬಿಟ್ಟು ಎಮ್ಮಾಹು ಅನ್ನುವ ಹಳ್ಳಿಗೆ ಹೊರಟಿದ್ದಾರೆ. ಏಳು ಮೈಲು, ಅಂದರೆ ಬೆಳಗಾವಿಯಿಂದ ಸಾಂಬ್ರಾ ಇದ್ದಷ್ಟು ಅಂದುಕೊಳ್ಳಿ. ಒಬ್ಬನ ಹೆಸರು ಕ್ಲೆಯೊಫ, ಇನ್ನೊಬ್ಬನ ಹೆಸರೇ ಇಲ್ಲ. ಸಮಾಧಿ ಖಾಲಿ ಇದೆ ಅಂತ ಹೆಂಗಸರು ಹೇಳಿದ್ದು ಕೇಳಿಯೂ ಹೊರಟಿದ್ದಾರೆ. ನಮ್ಮನ್ನು ಬಿಡಿಸುವವನು ಯೇಸುವೇ ಅಂದುಕೊಂಡಿದ್ದೆವು, ಆಗಲಿಲ್ಲ ಅಂತ ಮುಖ ಸಣ್ಣದು ಮಾಡಿಕೊಂಡು ನಡೆಯುತ್ತಿದ್ದಾರೆ. ನಿಮ್ಮ ಗೆಳೆಯರ ಮಾತೂ ಅದೇ ಅಲ್ವಾ?

ಯೇಸು ಬಂದು ಜೊತೆಯಾಗುತ್ತಾನೆ. ಗುರುತು ಹತ್ತುವುದಿಲ್ಲ. ನಾನು ಮಕ್ಕಳಿಗೆ ಯಾವಾಗಲೂ ಕೇಳುವ ಪ್ರಶ್ನೆ: ಅವರು ಯಾವ ದಿಕ್ಕಿಗೆ ನಡೆಯುತ್ತಿದ್ದರು? ಯೆರೂಸಲೇಮಿಗೆ ಬೆನ್ನು ಹಾಕಿ. ಅವನು ಹಿಂದಕ್ಕೆ ತಿರುಗಿ ಅನ್ನಲಿಲ್ಲ, ಅವರ ಜೊತೆ ಅದೇ ದಿಕ್ಕಿಗೆ ನಡೆದ. ಮೊದಲು ಕೇಳಿದ್ದು ಏನು ಮಾತಾಡುತ್ತಿದ್ದೀರಿ ಅಂತ. ಮಧ್ಯದಲ್ಲಿ ಬೈಯುತ್ತಾನೆ ಕೂಡ, ಅದನ್ನು ಮುಚ್ಚಿಡುವುದಿಲ್ಲ, ಆದರೆ ಅವರ ಕಥೆ ಪೂರ್ತಿ ಕೇಳಿದ ಮೇಲೆ. ಹಳ್ಳಿ ಬಂದಾಗ ಮುಂದೆ ಹೋಗುವವನ ಹಾಗೆ ಮಾಡಿದ, ಒತ್ತಾಯ ಮಾಡಿ ಕರೆದ ಮೇಲೇ ಒಳಗೆ ಹೋದದ್ದು. ಅವರಿಗೆ ಗುರುತು ಸಿಕ್ಕಿದ್ದು ಊಟಕ್ಕೆ ಕೂತು ರೊಟ್ಟಿ ಮುರಿದಾಗ. ಆ ರಾತ್ರಿಯೇ ಇಬ್ಬರೂ ಎದ್ದು ಏಳು ಮೈಲು ವಾಪಸ್ ನಡೆದರು. ಯಾರೂ ಹೇಳಿರಲಿಲ್ಲ.

ನೀವು ಚರ್ಚಿನ ಮಾತೇ ಎತ್ತಬೇಡಿ. ಗಾಡಿ ತಗೊಂಡು ಹೋಗಿ ಸಾಕು.

ಉದ್ಯಮಬಾಗ್_ಫಿಟ್ಟರ್ (ಬೆಳಗಾವಿ), ಏಪ್ರಿಲ್ 6

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ನಿಮಗೆ ಜಾಸ್ತಿ.

ಶನಿವಾರ ಸಂಜೆ ಫೋನ್ ಮಾಡಿ ನಾಳೆ ಮುಂಜಾನೆ ಗಾಡಿ ತರಲಾ ಅಂದೆ. ಎಲ್ಲಿಗೆ ಅಂದ. ನೀ ಎಲ್ಲಿ ಅಂತೀಯೋ ಅಲ್ಲಿಗೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ನಾಕೂವರಿಗೆ ಬಾ" ಅಂದು ಫೋನ್ ಇಟ್ಟ.

ನಾನು ಹೋಗುವಷ್ಟರಲ್ಲಿ ಗೇಟಿನ ಹತ್ತಿರ ಬಕೆಟ್, ಕುರ್ಪಿ ಹಿಡಿದು ನಿಂತಿದ್ದ. ಅವರ ತಾಯಿಯ ಸಮಾಧಿ ಇನ್ನೂ ಕಟ್ಟಿಲ್ಲ, ಬರೀ ಮಣ್ಣು, ತಲೆ ಕಡೆ ಒಂದು ಕಟ್ಟಿಗೆಯ ಶಿಲುಬೆ. ಒಂದು ಕಡೆ ಮಣ್ಣು ಕುಸಿದಿತ್ತು. ಇಬ್ಬರೂ ಕೂತು ಮಣ್ಣು ಎಳೆದು ಸರಿ ಮಾಡಿದೆವು. ಮೇಣಬತ್ತಿ ಹಚ್ಚಿದರೆ ಗಾಳಿಗೆ ಎರಡು ಸಲ ಆರಿತು. ಅಕ್ಕ ಹೇಳಿದ್ದರಲ್ಲ, ಅದಕ್ಕೆ ಸ್ಕ್ರ್ಯಾಪಿನಲ್ಲಿ ಬಿದ್ದಿದ್ದ ಮೂರು ಇಂಚಿನ ಪೈಪಿನ ತುಂಡೊಂದು ಕೊಯ್ದು ತಂದಿದ್ದೆ. ತೆಗೆದು ಕೊಟ್ಟೆ. ಅವನು ಅದರ ಬಾಯಿಯ ಸುತ್ತ ಹೆಬ್ಬೆರಳು ಆಡಿಸಿ, "ಥೂ, ಬರ್ ತೆಗೆದಿಲ್ಲ" ಅಂದ. ಕೊಯ್ದ ಅಂಚಿನಲ್ಲಿ ಉಳಿಯುವ ಚೂಪು ಚೂರಿಗೆ ಬರ್ ಅನ್ನುತ್ತೇವೆ, ಫೈಲ್ ಅಂದರೆ ಅರದಿಂದ ಉಜ್ಜಿ ತೆಗೆಯಬೇಕು. ಮೂರು ತಿಂಗಳಲ್ಲಿ ಅವನು ನನ್ನ ಕೆಲಸಕ್ಕೆ ಹೆಸರಿಟ್ಟದ್ದು ಅದೇ ಮೊದಲು. ಅಷ್ಟು ಖುಷಿಯಾಯಿತು, ಹೇಳಲಾರೆ.

ಆರರ ಸುಮಾರಿಗೆ ಚರ್ಚಿನವರು ಬಂದು ಹಾಡು ಹಾಡಿದರು. ಇವನು ಹಾಡಲಿಲ್ಲ. ಬೇವಿನ ಮರದ ಕೆಳಗೆ ನಿಂತಿದ್ದ, ನಾನೂ ನಿಂತಿದ್ದೆ. ಎಲ್ಲರೂ ಅಲ್ಲಿಂದ ಚರ್ಚಿಗೆ ಹೊರಟರು, ನಾವು ಚಹಾ ಕುಡಿಯಲು. ಹೊರಡುವಾಗ ಪೈಪ್ ಇಲ್ಲೇ ಇರಲಿ ಬಿಡು ಅಂದೆ. ಬೇಡ, ಫೈಲ್ ಹೊಡೆದು ತಂದಿಡುತ್ತೇನೆ ಅಂತ ಗಾಡಿಯ ಡಿಕ್ಕಿಯಲ್ಲಿ ಹಾಕಿಕೊಂಡ.