ಸಮಸ್ಯೆ: ಕೆಂಡಮೆ ತಂಪಿತ್ತುದಲ್ತೆ ಬೆಂದ ಮನಕ್ಕಂ

ಮಾತ್ರೆಮಾಸ್ತರ: ಈ ವಾರದ ಪಾದ ಮೇಲಿದೆ: ಬೆಂದ ಮನಸ್ಸಿಗೂ ಕೆಂಡವೇ ತಂಪು ಕೊಟ್ಟಿತಲ್ಲವೇ ಎಂದು ಅದರರ್ಥ. ಇದೇ ಕೊನೆಯ ಸಾಲಾಗುವಂತೆ ಒಂದು ಕಂದಪದ್ಯ ಕಟ್ಟಬೇಕು. ಕಳೆದ ಸಲದಂತೆ ಎಲ್ಲರೂ ಪ್ರಹ್ಲಾದನನ್ನೇ ಎಳೆತಂದರೆ ನಾನು ಓದುವುದಿಲ್ಲ.

ಮಂದಾರ:
ಗಂಡನ ಶಂಕೆಗೆ ಬೆಂದಳ್
ದಂಡನೆಯೆನೆ ಪೊಕ್ಕ ಕಿಚ್ಚು ಕಾಯ್ದುದು ಸತಿಯಂ
ಕಂಡಿರೆ ಜನಕನ ಮಗಳಂ
ಕೆಂಡಮೆ ತಂಪಿತ್ತುದಲ್ತೆ ಬೆಂದ ಮನಕ್ಕಂ

ಮಾತ್ರೆಮಾಸ್ತರ: 'ಕಾಯ್ದುದು' ಬಿಸಿಯಾಯಿತು, ಕಾಪಾಡಿತು ಎಂಬ ಎರಡರ್ಥಕ್ಕೂ ಸಲ್ಲುತ್ತದೆ. ಭೇಷ್, ತಾಯಿ.

ಕೆಲಗೇರಿ ಕವಿ:
ಕಂಡರಿಯೆನೆಂದು ಪೇತ್ರಂ
ತಂಡಿಯೊಳಂದುರಿಯ ಸಾರಿ ಮೂರ್ಮೆಯುಸಿರ್ದಂ
ಉಂಡಂ ತೀರದೊಳೊಲವಂ
ಕೆಂಡಮೆ ತಂಪಿತ್ತುದಲ್ತೆ ಬೆಂದ ಮನಕ್ಕಂ

ಶುದ್ಧಾಕ್ಷರಿ: ತಂಡಿ! ಹಳಗನ್ನಡದ ಕಂದದೊಳಗೆ ತಂಡಿ! ಜೊತೆಗೊಂದು ಸ್ವೆಟರನ್ನೂ ಹೊದಿಸಬೇಕಿತ್ತು, ರಾಯರೇ.

ಕೆಲಗೇರಿ ಕವಿ: ಚಳಿ ನನ್ನದಲ್ಲ, ಯೋಹಾನನದು. ಅವನ ಸುವಾರ್ತೆಯ 18ನೆಯ ಅಧ್ಯಾಯ ತೆಗೆಯಿರಿ: ಮಹಾಯಾಜಕನ ಅಂಗಳ, ಆಳುಗಳು ಹಾಕಿದ ಇದ್ದಲ ಬೆಂಕಿ, ಮೈಕಾಯಿಸುತ್ತ ನಿಂತ ಪೇತ್ರ. ತಾನು ಯೇಸುವಿನ ಶಿಷ್ಯನಲ್ಲವೆಂದು ಮೂರು ಸಲ ಕೈತೊಳೆದುಕೊಂಡ. 21ನೆಯದರಲ್ಲಿ ತಿಬೇರಿಯ ಸಮುದ್ರದ ದಡ, ಮತ್ತೆ ಇದ್ದಲ ಬೆಂಕಿ, ಮೇಲೆ ಮೀನು. ಊಟವಾದ ಮೇಲೆ ಯೇಸು 'ನನ್ನನ್ನು ಪ್ರೀತಿಸುತ್ತೀಯಾ' ಎಂದು ಕೇಳುವುದೂ ಮೂರೇ ಸಲ. ಗ್ರೀಕ್ ಮೂಲದ 'ಅಂಥ್ರಕಿಯ' (ಇದ್ದಲ ಬೆಂಕಿ) ಎಂಬ ಶಬ್ದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಸುಟ್ಟ ಕಡೆಯಲ್ಲೇ ಮದ್ದು.

ಶುದ್ಧಾಕ್ಷರಿ: ಪ್ರವಚನ ಸೊಗಸಾಗಿದೆ, ಪದ್ಯದಲ್ಲಿ ಅದು ಇಲ್ಲ. ಎರಡೂ ಕಡೆ ಕೆಂಡವೇ ಎನ್ನುವವರು ಎರಡನೆಯ ಸಾಲಿಗೆ 'ಉರಿ'ಯನ್ನು ಏಕೆ ತಂದಿರಿ? ಉರಿ ಬೇರೆ, ಕೆಂಡ ಬೇರೆ. ಒಲೆಯ ಮುಂದೆ ಒಂದು ದಿನ ಕುಳಿತಿದ್ದರೆ ತಿಳಿಯುತ್ತಿತ್ತು. ತಂಡಿಯಂತೂ ಉತ್ತರದಿಂದ ಬಂದ ನೆಂಟ.

ಕೆಲಗೇರಿ ಕವಿ: ಆ ನೆಂಟ ಧಾರವಾಡದಲ್ಲಿ ಮನೆ ಕಟ್ಟಿಕೊಂಡು ಎಷ್ಟೋ ತಲೆಮಾರಾಯಿತು. ನಿಮ್ಮ ಹೋದ ತಿಂಗಳ ಪದ್ಯದಲ್ಲಿ 'ಬಜಾರ' ಇತ್ತು. ನಾನು ಸುಮ್ಮನಿದ್ದೆ.

ಎಣಿಕೆಗಾರ: ಅದೇ 21ನೆಯ ಅಧ್ಯಾಯದಲ್ಲಿ ಬಲೆಗೆ ಬಿದ್ದ 153 ಮೀನುಗಳನ್ನು ಬಿಟ್ಟಿರಲ್ಲ! 1ರಿಂದ 17ರವರೆಗೆ ಕೂಡಿದರೆ 153. ಸಂತ ಅಗಸ್ಟೀನರು ಆ ಹದಿನೇಳನ್ನು ಹತ್ತು ಆಜ್ಞೆ, ಪವಿತ್ರಾತ್ಮದ ಏಳು ವರ ಎಂದು ಬಿಡಿಸಿದರು. 1, 5, 3ರ ಘನಗಳನ್ನು ಕೂಡಿದರೂ 153ವೇ.

ಮಾತ್ರೆಮಾಸ್ತರ: ಹೋದ ವಾರ ಕಂದದ 64 ಮಾತ್ರೆಗಳನ್ನು 63 ಎಂದು ಎಣಿಸಿದವರು ನೀವೇ ಅಲ್ಲವೇ?

ಹಳೆಬೇರು: ಅದಿರಲಿ, ಸುವಾರ್ತೆಗೆ ಕಂದವೇ ಆಗಬೇಕೇ?

ಮಂದಾರ: ನಾಗವರ್ಮನ ಛಂದಸ್ಸಿನ ಗ್ರಂಥ 'ಛಂದೋಂಬುಧಿ'ಯನ್ನು 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಪಾದ್ರಿ ಕಿಟೆಲ್. ಅವರು ಆಗ ಈ ಪ್ರಶ್ನೆ ಕೇಳಲಿಲ್ಲ, ಅಣ್ಣಾ.

ಕೆಲಗೇರಿ ಕವಿ: ಉರಿಯ ಆಕ್ಷೇಪ ಒಪ್ಪಿದೆ, ಬೇಸರದಿಂದಲೇ. ತಿದ್ದಿದ ಸಾಲು:
ತಂಡಿಗೆ ಕೆಂಡಮನೆ ಸಾರಿ ಮೂರ್ಮೆಯುಸಿರ್ದಂ

ಮಾತ್ರೆಮಾಸ್ತರ: ಈಗ ಕೂಡಿತು.

ಶುದ್ಧಾಕ್ಷರಿ: ತಂಡಿ ಅಲ್ಲೇ ಕುಳಿತಿದೆ.

ಕೆಲಗೇರಿ ಕವಿ: ಮೈ ಕಾಯಿಸಿಕೊಳ್ಳುತ್ತಿದೆ, ಬಿಡಿ.