ಇತಿಹಾಸದ ಮೇಷ್ಟ್ರು ಪಿಯಾನೊ ನುಡಿಸಿ ಪಾಠ ಮಾಡೋದಾದರೆ ಯಾವ ಕೃತಿ?

ಪ್ರಶ್ನೆ (ಕೊನೇ_ಪೀರಿಯಡ್):
ಎಂ.ಎ. ತರಗತಿ, ಯುರೋಪಿನ ಸಾಂಸ್ಕೃತಿಕ ಇತಿಹಾಸ. ಪಾಠ ಮಾಡುವವರಿಗೆ ಪಿಯಾನೊ ಬರುತ್ತೆ, ಸಭಾಂಗಣದಲ್ಲಿ ಹಳೇ ಅಪ್‌ರೈಟ್ (ನೇರ ನಿಲ್ಲುವ ಪಿಯಾನೊ) ಒಂದಿದೆ. ಬೀಥೋವನ್ ಕಾಲದ ವಾದ್ಯ ಈಗಿನದಕ್ಕಿಂತ ಹೇಗೆ ಬೇರೆ ಅಂತ 50 ನಿಮಿಷದಲ್ಲಿ ನುಡಿಸಿಯೇ ತೋರಿಸಬೇಕು. ಏನು ನುಡಿಸೋದು? 61 ಕೀ ಕೀಬೋರ್ಡಲ್ಲೂ ಆಗುತ್ತಾ?

ಉತ್ತರ (ಕರಿ_ಬಿಳಿ):
ತೆಳ್ಳನೆಯ ಟವೆಲ್ ಎರಡು ತನ್ನಿ. ಕಪ್ಪು, ಬಿಳಿ ಎರಡನ್ನೂ ಎಣಿಸಿ ಎಡತುದಿಯಲ್ಲಿ 8, ಬಲತುದಿಯಲ್ಲಿ 19 ಕೀ ಮುಚ್ಚಿ. ಉಳಿಯೋದು ಎಫ್‌ನಿಂದ ಎಫ್‌ವರೆಗೆ ಐದು ಸ್ಥಾಯಿ. 1790ರ ದಶಕದ ವಿಯೆನ್ನಾ ಪಿಯಾನೊಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಇಷ್ಟೇ. ಈಗ 1798ರಲ್ಲಿ ಅಚ್ಚಾದ ಡಿ ಮೇಜರ್ ಸೊನಾಟಾ (ಓಪಸ್ 10, ಸಂಖ್ಯೆ 3) ಮೊದಲ 22 ಬಾರ್ (ತಾಳದ ಒಂದೊಂದು ಸುತ್ತು) ನುಡಿಸಿ. ಬಲಗೈ ಜೋಡಿಸ್ವರಗಳಲ್ಲಿ (ಒಂದೇ ಸ್ವರ, ಕೆಳಗಿನ ಮತ್ತು ಮೇಲಿನ ಸ್ಥಾಯಿಯಲ್ಲಿ) ಏರುತ್ತಾ ಹೋಗಿ 22ನೇ ಬಾರಲ್ಲಿ ಎಫ್ ಶಾರ್ಪ್ ಮುಟ್ಟಬೇಕು, ಆದರೆ ಮೇಲಿನ ಸ್ವರ ಬರೆದೇ ಇಲ್ಲ. ಬಲಗಡೆ ಟವೆಲ್ ಅಡಿಯ ಮೊದಲ ಕೀ ಅದೇ! ಕೆಲವು ಮುದ್ರಣಗಳಲ್ಲಿ ಅದನ್ನು ಸೇರಿಸಿರ್ತಾರೆ, ಉರ್ಟೆಕ್ಸ್ಟ್ (ಸಂಯೋಜಕ ಬರೆದದ್ದನ್ನಷ್ಟೇ ಕೊಡುವ) ಪ್ರತಿ ಇಟ್ಟುಕೊಳ್ಳಿ.

1803ರಲ್ಲಿ ಬೀಥೋವನ್‌ಗೆ ಪ್ಯಾರಿಸ್ಸಿನ ಎರಾರ್ ಪಿಯಾನೊ ಬಂತು. ಬಲಗಡೆ ಟವೆಲನ್ನು 7 ಕೀ ಆಚೆ ಸರಿಸಿದರೆ ಅದರ ವ್ಯಾಪ್ತಿ.

ಉತ್ತರ (ಅರ್ಧಪೆಡಲ್):
ಟವೆಲ್ ಕಣ್ಣಿಗಾಯ್ತು, ಕಿವಿಗೆ ಬೀಥೋವನ್‌ನ ‘ಮೂನ್‌ಲೈಟ್’ ಸೊನಾಟಾದ ಮೊದಲ ಭಾಗ ಬೇಕು. ಅದರ ಮೇಲಿರೋ ‘ಸೆನ್ಸಾ ಸೊರ್ದೀನೊ’ ಅಂದರೆ ಮೆಲುದನಿಯ ಪೆಡಲ್ ಬೇಡ ಅಂತ ತಪ್ಪಾಗಿ ಓದುವವರಿದ್ದಾರೆ. ಸೊರ್ದೀನೊ ಇಲ್ಲಿ ಡ್ಯಾಂಪರ್ (ತಂತಿಯ ನಾದ ನಿಲ್ಲಿಸೋ ಮೆತ್ತೆ). ‘ಸೆನ್ಸಾ’ ಅಂದರೆ ಅದಿಲ್ಲದೆ, ಹಾಗಾಗಿ ಡ್ಯಾಂಪರ್ ಎತ್ತೋ ಬಲಗಡೆ ಪೆಡಲ್ ಒತ್ತಿಯೇ ಇರಬೇಕು. ಮೊದಲ 5 ಬಾರನ್ನು ಮೂರು ಸಲ ನುಡಿಸಿ: ಪೆಡಲ್ ಬಿಡದೇ ಒಮ್ಮೆ (ಪೂರಾ ಕಲಸುಮೇಲೋಗರ), ಮಂದ್ರದ ಸ್ವರ ಬದಲಾದಾಗೆಲ್ಲ ಪೂರ್ತಿ ಬಿಟ್ಟು ಒಮ್ಮೆ, ಅರ್ಧ ಮಾತ್ರ ಬಿಟ್ಟು ಒಮ್ಮೆ. 1801ರ ವಾದ್ಯದ್ದು ಮರದ ಚೌಕಟ್ಟು, ತೆಳು ತಂತಿ, ಚರ್ಮ ಹೊದಿಸಿದ ಸುತ್ತಿಗೆ. ನಾದ ಬೇಗ ಅಡಗುತ್ತಿತ್ತು, ಹಾಗಾಗಿ ಅಷ್ಟು ಕಲಸುತ್ತಿರಲಿಲ್ಲ. ಈಗ ಎರಕದ ಕಬ್ಬಿಣದ ಚೌಕಟ್ಟು ಹೊರೋ ಒಟ್ಟು ಬಿಗಿತ ಸುಮಾರು 18–20 ಟನ್.

ಹಳೇ ಅಪ್‌ರೈಟಲ್ಲಿ ಡ್ಯಾಂಪರ್‌ಗಳು ಒಟ್ಟಿಗೆ ಏಳಲ್ಲ, ಅರ್ಧ ಪೆಡಲಿಗೆ ಕೆಲವು ಸ್ವರ ನಿಂತು ಕೆಲವು ಉಳಿಯುತ್ತವೆ. ಹಿಂದಿನ ದಿನವೇ ಒಂದೊಂದೇ ಸ್ವರ ನೋಡಿಕೊಳ್ಳಿ.

61 ಕೀ ಕೀಬೋರ್ಡ್ ಬೇಡ. ಮೊದಲು ಟವೆಲ್ ಹಾಕಿದಾಗ ಉಳಿದ ಕೀಗಳೂ 61, ಸಂಖ್ಯೆ ಅದೇ, ಆದರೆ ವ್ಯಾಪ್ತಿ ಬೇರೆ: ಸಾಮಾನ್ಯವಾಗಿ ಸಿ ಇಂದ ಸಿ. ‘ಮೂನ್‌ಲೈಟ್’ನ ಎರಡನೇ ಬಾರಿನ ಮಂದ್ರ ಬಿ ಅದರಲ್ಲಿ ಸಿಗಲ್ಲ. ಜೊತೆಗೆ ಕೊಡೋ ಪೆಡಲ್ ಬರೀ ಆನ್-ಆಫ್ ಸ್ವಿಚ್, ‘ಅರ್ಧ’ ಅನ್ನೋದೇ ಇಲ್ಲ.

ಉತ್ತರ (ಶ್ರುತಿ_ಕೀಲಿ):
ಮಳೆಗಾಲದಲ್ಲಾದರೆ ತೇವಕ್ಕೆ ನಾದದ ಹಲಗೆ ಉಬ್ಬಿ ನಡುಸ್ಥಾಯಿಯ ಶ್ರುತಿ ಏರುತ್ತೆ, ಕೀಗಳೂ ಹಿಡಿದುಕೊಳ್ಳುತ್ತವೆ. ಟ್ಯೂನಿಂಗ್ ತರಗತಿಗೆ ಒಂದೆರಡು ದಿನ ಮುಂಚೆ ಮಾಡಿಸಿ. ವರ್ಷಗಟ್ಟಲೆ ಮುಟ್ಟದ ಪಿಯಾನೊ ಅರ್ಧ ಸ್ವರ ಇಳಿದಿದ್ದರೆ ಒಂದೇ ಸಲಕ್ಕೆ 440 ಹರ್ಟ್ಸ್‌ಗೆ (ಈಗಿನ ಪ್ರಮಾಣ ಶ್ರುತಿ) ಎಳೆಸಬೇಡಿ. ಒಂದು ತುದಿ ಬಿಗಿಯೋ ಹೊತ್ತಿಗೆ ಇನ್ನೊಂದು ಇಳಿದಿರುತ್ತೆ, ತುಕ್ಕು ಹಿಡಿದ ತಂತಿ ಹರಿಯಲೂಬಹುದು. ಈ ಪಾಠಕ್ಕೆ ಇರೋ ಶ್ರುತಿಯಲ್ಲೇ ತಂತಿಗಳು ಒಂದಕ್ಕೊಂದು ಕೂಡಿದರೆ ಸಾಕು.

ಸಮಯ ಉಳಿದರೆ ಮೈಸೂರನ್ನೂ ತನ್ನಿ. ರಷ್ಯನ್ ಸಂಯೋಜಕ ಮೆಟ್ನರ್ ತನ್ನ ಮೂರನೇ ಪಿಯಾನೊ ಕನ್ಚೆರ್ಟೊ (ವಾದ್ಯವೃಂದದ ಜೊತೆ ನುಡಿಸೋ ಕೃತಿ) ಅರ್ಪಿಸಿದ್ದು ಜಯಚಾಮರಾಜ ಒಡೆಯರಿಗೆ, ಆತನ ಧ್ವನಿಮುದ್ರಣಗಳಿಗೆ ಹಣ ಕೊಟ್ಟಿದ್ದೂ ಅವರೇ. ಇದನ್ನು ಮಾತ್ರ ನುಡಿಸಲು ಹೋಗಬೇಡಿ, ರೆಕಾರ್ಡ್ ಹಾಕಿ.